ಜನ ಸರ್ಕಾರವನ್ನೇ ಕೆಡವಿದ ಮೇಲೆ ಹಳೇ ಪೊಲೀಸರನ್ನು ಏನು ಮಾಡಬೇಕು?

ಮಂಚೇನಹಳ್ಳಿ ಮೇಷ್ಟ್ರು

2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಜನರ ದಂಗೆಗೆ ಸೋತು ಢಾಕಾ ಬಿಟ್ಟು ಹೋದರು. ಮಾರನೇ ದಿನ ಆ ದೇಶದ ಬೀದಿಗಳಲ್ಲಿ ಪೊಲೀಸರು ಕಾಣಲಿಲ್ಲ. 400ಕ್ಕೂ ಹೆಚ್ಚು ಠಾಣೆಗಳ ಮೇಲೆ ದಾಳಿ ಆಗಿತ್ತು. 44 ಪೊಲೀಸರು ಸತ್ತರು ಅಂತ ಅಲ್ಲಿನ ಇಲಾಖೆಯೇ ಪಟ್ಟಿ ಕೊಟ್ಟಿದೆ. ಉಳಿದವರು ಜೀವಭಯಕ್ಕೆ ಡ್ಯೂಟಿಗೆ ಬರಲಿಲ್ಲ. ಕಾಲೇಜು ಹುಡುಗ ಹುಡುಗಿಯರು ಸಿಗ್ನಲ್‌ಗಳಲ್ಲಿ ನಿಂತು ಟ್ರಾಫಿಕ್ ನೋಡಿಕೊಂಡರು. ಸತ್ತ ನಾಗರಿಕರ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಆ ಜುಲೈ, ಆಗಸ್ಟ್‌ನಲ್ಲಿ 1,400 ಮಂದಿಯವರೆಗೆ ಸತ್ತಿರಬಹುದು, ಹೆಚ್ಚಿನವರು ಭದ್ರತಾ ಪಡೆಗಳ ಗುಂಡಿಗೆ ಬಲಿಯಾದರು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2025ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ರಂಗಪುರದಲ್ಲಿ ಎರಡೂ ಕೈ ಚಾಚಿ ನಿಂತಿದ್ದ ವಿದ್ಯಾರ್ಥಿ ಅಬು ಸಯೀದ್ ಮೇಲೆ ಪೊಲೀಸರು ಗುಂಡು ಹಾರಿಸಿದ ವಿಡಿಯೊ ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ.

ಇಂಥ ಪಡೆಯನ್ನು ಮುಂದೆ ಏನು ಮಾಡೋದು? ಪೂರ್ತಿ ವಿಸರ್ಜಿಸಿ ಹೊಸದು ಕಟ್ಟಬೇಕಾ, ಇದ್ದವರನ್ನೇ ತಿದ್ದಬೇಕಾ?

ನಮ್ಮ ಕಡೆಯವರು ಇದನ್ನು ಯೋಚಿಸಲೇಬೇಕು. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಸತ್ತವರು 30ಕ್ಕೂ ಹೆಚ್ಚು ಅನ್ನೋದು ಊರವರ ಲೆಕ್ಕ, ಸರ್ಕಾರಿ ಲೆಕ್ಕ ಬಹಳ ಕಡಿಮೆ. ವೇಪ ರಾಮೇಶಂ ಸಮಿತಿ ಕೂತು ವಿಚಾರಣೆಯನ್ನೂ ನಡೆಸಿತು. ಒಂಬತ್ತು ವರ್ಷ ಕಳೆದು 1947ರ ಅಕ್ಟೋಬರ್‌ನಲ್ಲಿ ಜನಪ್ರತಿನಿಧಿಗಳ ಜವಾಬ್ದಾರಿ ಸರ್ಕಾರ ಬಂತು. ನಮ್ಮ ಕೋಲಾರ ಜಿಲ್ಲೆಯವರೇ ಆದ ಕ್ಯಾಸಂಬಳ್ಳಿ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು. ಪೊಲೀಸ್ ಪಡೆ ಮಾತ್ರ ಅದೇ ಮುಂದುವರಿಯಿತು. ವಿದುರಾಶ್ವತ್ಥದ ಸ್ಮಾರಕ ವೀರಸೌಧಕ್ಕೆ ಮಕ್ಕಳನ್ನು ಕರಕೊಂಡು ಹೋದಾಗ ಪ್ರತಿ ಸಲ ಒಬ್ಬರಾದರೂ ಕೇಳ್ತಾರೆ: "ಸಾರ್, ಗುಂಡು ಹೊಡೆದೋರನ್ನ ಆಮೇಲೆ ಏನು ಮಾಡಿದ್ರು?"

ಮುಳಬಾಗಿಲು ಲಾರಿ

ಮೇಷ್ಟ್ರೇ, ನನ್ನ ಮಾತು ನೇರ. ಎಲ್ಲರನ್ನೂ ಮನೆಗೆ ಕಳಿಸಬೇಕು. ನಾನು ಕೋಲಾರ ಮಂಡಿಯಿಂದ ಟೊಮೇಟೊ ಹೇರಿಕೊಂಡು ಕೋಲ್ಕತ್ತಾವರೆಗೂ ಓಡಿಸೋನು. ದಾರಿಯುದ್ದಕ್ಕೂ ಕೈ ಚಾಚೋರಿಗೆ ಎಷ್ಟು ಹೋಗುತ್ತೆ ಅನ್ನೋದನ್ನ ಬಾಡಿಗೆ ಮಾತಾಡುವಾಗಲೇ ಲೆಕ್ಕ ಹಿಡಿದಿರ್ತೀವಿ. ಎಲ್ಲಿ, ಯಾರು ಅಂತ ಬರೆಯಲ್ಲ, ನಾಳೆ ಅದೇ ರಸ್ತೇಲಿ ಹೋಗಬೇಕು. ದಿನಾ ಕೊಡೋನಿಗೆ ಗೊತ್ತು ಅದರ ಸಂಕಟ. ಒಬ್ಬನನ್ನ ಬದಲಾಯಿಸಿದರೆ ಅವನ ಜಾಗಕ್ಕೆ ಬರೋನೂ ಅದನ್ನೇ ಕಲೀತಾನೆ.

ಜಾರ್ಜಿಯಾ ಅನ್ನೋ ದೇಶದಲ್ಲಿ ಕ್ರಾಂತಿ ಆದಮೇಲೆ ಟ್ರಾಫಿಕ್ ಪೊಲೀಸರನ್ನ ಒಂದೇ ಸಲಕ್ಕೆ ಕಿತ್ತು ಹಾಕಿದ್ರಂತೆ. ಅಲ್ಲಿ ಆದದ್ದು ಬಾಂಗ್ಲಾದಲ್ಲಿ ಯಾಕಾಗಲ್ಲ?

ಸಿರಾ ಹುಡುಗ, ಸದ್ಯ ಟಿಬಿಲಿಸಿ

ಅಣ್ಣ, ನಾನು ಇಲ್ಲೇ, ಜಾರ್ಜಿಯಾದ ರಾಜಧಾನೀಲೇ ಎಂಬಿಬಿಎಸ್ ಓದ್ತಿದ್ದೀನಿ. ನಮ್ಮ ತುಮಕೂರು ಜಿಲ್ಲೆಯವರು ಇಲ್ಲಿ ಸುಮಾರು ಜನ ಇದ್ದಾರೆ. ನೀವು ಕೇಳಿದ್ದು ನಿಜ. 2003ರ ನವೆಂಬರ್‌ನಲ್ಲಿ ಜನ ಗುಲಾಬಿ ಹಿಡಿದು ಪಾರ್ಲಿಮೆಂಟ್‌ಗೆ ನುಗ್ಗಿದರು, ಅಧ್ಯಕ್ಷ ಶೆವರ್ಡ್‌ನಾಡ್ಜೆ ರಾಜೀನಾಮೆ ಕೊಟ್ಟರು, ಆ ಜಾಗಕ್ಕೆ ದಂಗೆಯ ಮುಂದಾಳು ಸಾಕಾಶ್ವಿಲಿ ಬಂದರು. 2004ರಲ್ಲಿ ಸುಮಾರು 15,000 ಟ್ರಾಫಿಕ್ ಪೊಲೀಸರನ್ನ ಒಟ್ಟಿಗೆ ತೆಗೆದರು. ಹೊಸ ಗಸ್ತು ಪಡೆ ಬರೋ ತನಕ ರಸ್ತೇಲಿ ಟ್ರಾಫಿಕ್‌ನವರೇ ಇರಲಿಲ್ಲ. ಆಮೇಲೆ ಹೊಸಬರನ್ನ ಪರೀಕ್ಷೆ ಮಾಡಿ ತಗೊಂಡರು, ಸಂಬಳ ಹಲವು ಪಟ್ಟು ಏರಿಸಿದರು. ಠಾಣೆಗಳನ್ನ ಗಾಜಿನಲ್ಲಿ ಕಟ್ಟಿದರು, ಒಳಗೆ ನಡೆಯೋದು ಬೀದಿಯವರಿಗೆ ಕಾಣಲಿ ಅಂತ. ಆ ಕಟ್ಟಡಗಳು ಈಗಲೂ ಇವೆ, ರಾತ್ರಿ ಹೊತ್ತು ದೀಪ ಹಾಕಿದಾಗ ಒಳಗಿರೋ ಮೇಜು ಕುರ್ಚಿ ಎಲ್ಲಾ ಕಾಣುತ್ತೆ. ನಾನು ಬಂದಾಗಿನಿಂದ ರಸ್ತೇಲಿ ಯಾರೂ ನನ್ನ ಹತ್ರ ಕಾಸು ಕೇಳಿಲ್ಲ. ಇದನ್ನ ಸಣ್ಣ ಸಾಧನೆ ಅನ್ನೋಕಾಗಲ್ಲ.

ಆದರೆ ಅದೇ ಸರ್ಕಾರ 2007ರ ನವೆಂಬರ್‌ನಲ್ಲಿ ವಿರೋಧಿಗಳ ಪ್ರತಿಭಟನೆಯನ್ನ ಅದೇ ಪೊಲೀಸರ ಕೈಲಿ ಹೊಡೆಸಿ ಚದುರಿಸಿತು. 2012ರ ಸೆಪ್ಟೆಂಬರ್‌ನಲ್ಲಿ ಗ್ಲ್ದಾನಿ ಜೈಲಿನ ವಿಡಿಯೊಗಳು ಹೊರಬಂದವು, ಕೈದಿಗಳಿಗೆ ಕೊಡ್ತಿದ್ದ ಚಿತ್ರಹಿಂಸೆ ನೋಡಿ ದೇಶ ಬೀದಿಗಿಳಿಯಿತು. ಅಕ್ಟೋಬರ್‌ನ ಚುನಾವಣೇಲಿ ಸಾಕಾಶ್ವಿಲಿಯ ಪಕ್ಷ ಸೋತಿತು. ಸುಧಾರಣೆ ಕಾಲದಲ್ಲಿ ಗೃಹ ಸಚಿವರಾಗಿದ್ದ ಮೆರಾಬಿಶ್ವಿಲಿ ಮುಂದೆ ಜೈಲಿಗೆ ಹೋದರು. ಇನ್ನು 2024ರ ನವೆಂಬರ್ ಕೊನೆಯಿಂದ ನಡೆದ ಪ್ರತಿಭಟನೆ ನಮ್ಮ ಕಣ್ಣೆದುರಿಗೇ ನಡೆದದ್ದು. ಜಲಫಿರಂಗಿ, ಲಾಠಿ, ಮುಖ ಒಡೆಸಿಕೊಂಡ ಪತ್ರಕರ್ತರು. ಹೊಡೆದದ್ದು ಗಾಜಿನ ಠಾಣೆಯ ಪೊಲೀಸರೇ.

ಲಾರಿ ಅಣ್ಣನ ಸಮಸ್ಯೆ ಇಲ್ಲಿ ಬಗೆಹರೀತು. ಮೇಷ್ಟ್ರ ವಿದ್ಯಾರ್ಥಿಗಳು ಕೇಳೋ ಪ್ರಶ್ನೆ ಬಗೆಹರೀಲಿಲ್ಲ.

ನಿವೃತ್ತ ಎಎಸ್‌ಐ, ಕೆಜಿಎಫ್

ಸಿರಾದ ತಮ್ಮ ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದ. ರಸ್ತೇಲಿ ಕೈ ಚಾಚೋದು ಒಂದು ರೋಗ, ಗುಂಡು ಹಾರಿಸೋದು ಬೇರೆ ರೋಗ. ಮೊದಲನೆಯದು ಪೇದೆಯ ಜೇಬಿನದು. ಎರಡನೆಯದು ಮೇಲಿನಿಂದ ಇಳಿದು ಬರುತ್ತೆ. ಮೊದಲನೆಯದನ್ನ ಸಂಬಳ, ಕ್ಯಾಮೆರಾ, ವಜಾ ಇವುಗಳಿಂದ ವಾಸಿ ಮಾಡಬಹುದು. ಎರಡನೆಯದಕ್ಕೆ ಅವು ತಾಗೋದೇ ಇಲ್ಲ.

ಢಾಕಾದ ಕೋರ್ಟಿನಲ್ಲಿ ಏನಾಯ್ತು ನೋಡಿ. ಹಸೀನಾ ಕಾಲದ ಐಜಿಪಿ ಚೌಧುರಿ ಅಬ್ದುಲ್ಲಾ ಅಲ್ ಮಾಮೂನ್ ಮಾಫಿ ಸಾಕ್ಷಿಯಾದರು. ಇಡೀ ದೇಶದ ಪೊಲೀಸ್ ಮುಖ್ಯಸ್ಥ, ಮಾಫಿ ಸಾಕ್ಷಿ! ಅವರು ಹೇಳಿದ್ದೇನು? ಮಾರಕ ಆಯುಧ ಬಳಸಿ ಅಂತ ಪ್ರಧಾನಿ ಹೇಳಿದ್ದಾರೆ ಎಂದು ಗೃಹ ಸಚಿವರು ಫೋನಿನಲ್ಲಿ ತಿಳಿಸಿದರು ಅಂತ. ಫೋನಿನಲ್ಲಿ. 2025ರ ನವೆಂಬರ್‌ನಲ್ಲಿ ತೀರ್ಪು ಬಂತು. ಹಸೀನಾ ಮತ್ತು ಗೃಹ ಸಚಿವರಿಗೆ ಅವರ ಗೈರುಹಾಜರಿಯಲ್ಲೇ ಮರಣದಂಡನೆ, ಈ ಐಜಿಪಿಗೆ ಐದು ವರ್ಷ. ಮರಣದಂಡನೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾನು ನೋಡೋದು ಆ ಫೋನ್ ಕರೆಯನ್ನ. ಐಜಿಪಿಯಿಂದ ಕಮಿಷನರ್‌ಗೆ, ಅಲ್ಲಿಂದ ಇನ್‌ಸ್ಪೆಕ್ಟರ್‌ಗೆ, ಕಡೆಗೆ ಬಂದೂಕು ಹಿಡಿದು ರಸ್ತೇಲಿ ನಿಂತವನ ಕಿವಿಗೆ ಬೀಳೋ ಹೊತ್ತಿಗೆ ಅದು ಬರೀ ಹುಕುಂ. ಎಲ್ಲೂ ಒಂದಕ್ಷರ ಬರಹ ಇರಲ್ಲ. ಕೇಸ್ ಆದಾಗ ಮೇಲಿನವರು ನಾನು ಹೇಳಿಲ್ಲ ಅಂತಾರೆ, ಕೆಳಗಿನವನ ಹತ್ರ ತೋರಿಸೋಕೆ ಕಾಗದ ಇಲ್ಲ.

ನಾನು ಪೇದೆಯಾಗಿ ಸೇರಿ ಎಎಸ್‌ಐ ಆಗಿ ಹೊರಬಂದವನು. ರೈಟರ್ ಕೆಲಸ ಬಹಳ ವರ್ಷ ಮಾಡಿದ್ದೀನಿ, ಠಾಣಾ ದಿನಚರಿ ನನ್ನ ಕೈಬರಹದಲ್ಲೇ ಇರ್ತಿತ್ತು. ಅದರಲ್ಲಿ ಏನು ಬರೆಯಬೇಡ ಅಂತ ಹೇಳ್ತಿದ್ದರು ಅನ್ನೋದು ನನಗೆ ಗೊತ್ತು.

ಲಾರಿಯವರೇ, ಎಲ್ಲರನ್ನೂ ಕಳಿಸಿ ಅಂದ್ರಿ. ಯಾವ ಊರಿನ ಯಾವ ಮನೇಲಿ ಕಳ್ಳ ಇದ್ದಾನೆ, ಯಾವ ಜಮೀನಿನ ಜಗಳ ಕೊಲೆಗೆ ತಿರುಗುತ್ತೆ ಅನ್ನೋದು ಬೀಟ್ ಪೇದೆಯ ತಲೆಯಲ್ಲಿ ಇರುತ್ತೆ. ಆ ತಲೆಯನ್ನ ಮನೆಗೆ ಕಳಿಸಿದರೆ ತನಿಖೆ ಮಾಡೋರು ಯಾರು? ಜಾರ್ಜಿಯಾದಲ್ಲಿ ತೆಗೆದದ್ದು ಟ್ರಾಫಿಕ್‌ನವರನ್ನ. ಇರಾಕಿನಲ್ಲಿ 2003ರಲ್ಲಿ ಅಮೆರಿಕದವರು ಇಡೀ ಸೇನೆಯನ್ನೇ ಒಂದು ಆದೇಶದಲ್ಲಿ ವಿಸರ್ಜಿಸಿದರು. ಬಂದೂಕು ಹಿಡಿಯೋಕೆ ಬರುವ, ಸಂಬಳ ಇಲ್ಲದ ಗಂಡಸರು ಬೀದಿಗೆ ಬಿದ್ದರು. ಅವರಲ್ಲಿ ಎಷ್ಟೋ ಜನ ಬಂಡುಕೋರರ ಜೊತೆ ಸೇರಿದರು.

ತುಮಕೂರಿನ ವಕೀಲೆ

ಎಎಸ್‌ಐ ಸರ್ ಹೇಳಿದ ಫೋನ್ ಕರೆಯ ಬೇರು ಎಲ್ಲಿದೆ ಅನ್ನೋದನ್ನ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಬಾಂಗ್ಲಾದೇಶದಲ್ಲಿ ಇವತ್ತಿಗೂ ನಡೆಯೋದು 1861ರ ಪೊಲೀಸ್ ಕಾಯ್ದೆ. 1857ರ ದಂಗೆ ಆದ ನಾಲ್ಕೇ ವರ್ಷಕ್ಕೆ ಬ್ರಿಟಿಷರು ಮಾಡಿದ್ದು. ಮಾದರಿ ಐರ್ಲೆಂಡಿನದು: ಅಲ್ಲಿನ ಜನರನ್ನ ಹದ್ದುಬಸ್ತಿನಲ್ಲಿಡೋಕೆ ಕಟ್ಟಿದ್ದ ಶಸ್ತ್ರಸಜ್ಜಿತ ಕಾನ್‌ಸ್ಟಾಬ್ಯುಲರಿ. ಮೊದಲು ಸಿಂಧ್‌ನಲ್ಲಿ 1843ರಲ್ಲಿ ಅಲ್ಲಿನ ಬ್ರಿಟಿಷ್ ಗವರ್ನರ್ ನೇಪಿಯರ್ ತಂದ, ಆಮೇಲೆ ಅದೇ ದೇಶವೆಲ್ಲ ಹಬ್ಬಿತು. ಈ ವ್ಯವಸ್ಥೆಯಲ್ಲಿ ಪೊಲೀಸ್ ಸರ್ಕಾರಕ್ಕೆ ಉತ್ತರ ಹೇಳಬೇಕು, ಜನರಿಗೆ ಹೇಳಬೇಕಾಗಿಲ್ಲ.

ಐರ್ಲೆಂಡಿನವರು ಸ್ವತಂತ್ರರಾದ ಕೂಡಲೇ 1922ರಲ್ಲಿ ಆ ಪಡೆಯ ವಿಸರ್ಜನೆ ಆಯ್ತು. ಹೊಸ ಸಿವಿಕ್ ಗಾರ್ಡ್ ಕಟ್ಟಿದರು. ತರಬೇತಿ ಕೊಡೋಕೆ ಅನುಭವ ಇದ್ದವರು ಬೇಕಲ್ಲ, ಹಳೇ ಪಡೆಯ ಕೆಲವು ಅಧಿಕಾರಿಗಳನ್ನ ಮೇಲಿನ ಹುದ್ದೆಗೆ ತಂದರು. ಸ್ವಾತಂತ್ರ್ಯಕ್ಕೆ ಹೋರಾಡಿ ಬಂದಿದ್ದ ಹೊಸಬರು ಕಿಲ್ಡೇರ್ ಶಿಬಿರದಲ್ಲಿ ಬಂಡೆದ್ದರು. ಕಮಿಷನರ್ ಸ್ಟೇನ್ಸ್ ರಾಜೀನಾಮೆ ಕೊಡಬೇಕಾಯ್ತು. ಆ ಗಲಾಟೆಯೆಲ್ಲ ಮುಗಿದ ಮೇಲೆ ಅವರು ಬಂದೂಕನ್ನೇ ಬಿಟ್ಟರು. ಹೊರಗೆ ಅಂತರ್ಯುದ್ಧ ನಡೀತಿದ್ದಾಗ ನಿರಾಯುಧ ಪೊಲೀಸರನ್ನ ಹಳ್ಳಿಗೆ ಕಳಿಸಿದರು. ಆ ಸಿವಿಕ್ ಗಾರ್ಡನ್ನೇ ಈಗ ಗಾರ್ಡಾ ಅಂತಾರೆ, ಅದರ ಸಾಮಾನ್ಯ ಪೇದೆಯ ಹತ್ರ ಇವತ್ತೂ ಬಂದೂಕು ಇರಲ್ಲ. ಮೂಲ ಮಾದರಿಯನ್ನ ಹುಟ್ಟಿದ ಊರಿನವರೇ ಕಿತ್ತೆಸೆದರು, ಅದರ ನಕಲು ಮಾತ್ರ ನಮ್ಮ ಉಪಖಂಡದಲ್ಲಿ ಗಟ್ಟಿಯಾಗಿ ಕೂತಿದೆ.

ನಮ್ಮ ಕರ್ನಾಟಕಕ್ಕೆ ಸ್ವಂತ ಕಾಯ್ದೆ ಬಂದದ್ದು 1963ರಲ್ಲಿ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಡಿಜಿಪಿಗೂ ಎಸ್‌ಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷ ಒಂದೇ ಜಾಗ, ವರ್ಗಾವಣೆ ನೋಡೋಕೆ ಪೊಲೀಸ್ ಅಧಿಕಾರಿಗಳದ್ದೇ ಮಂಡಳಿ, ಪೊಲೀಸರ ಮೇಲಿನ ದೂರು ಕೇಳೋಕೆ ಪ್ರತ್ಯೇಕ ಪ್ರಾಧಿಕಾರ, ತನಿಖೆ ಬೇರೆ ಬಂದೋಬಸ್ತ್ ಬೇರೆ. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿ ಕೆಲವನ್ನ ಸೇರಿಸಿಕೊಂಡಿತು. ಶಾಸಕರ ಶಿಫಾರಸು ಪತ್ರ ಇಲ್ಲದೆ ಇನ್‌ಸ್ಪೆಕ್ಟರ್ ಹುದ್ದೆ ಸಿಗಲ್ಲ ಅನ್ನೋ ಮಾತು ಅದಾದ ಮೇಲೂ ನಿಂತಿಲ್ಲ.

ಎರಡು ವರ್ಷ ಕದಲಿಸೋ ಹಾಗಿಲ್ಲ ಅನ್ನೋದು ಫೋನ್ ಕರೆಗೆ ನೇರ ಉತ್ತರ. ನಾಳೆ ಬೆಳಿಗ್ಗೆ ಎತ್ತಿ ಹಾಕೋಕೆ ಆಗಲ್ಲ ಅಂತ ಗೊತ್ತಿರೋ ಎಸ್‌ಪಿ ಮಾತ್ರ "ಬರೆದು ಕೊಡಿ ಸರ್" ಅನ್ನಬಲ್ಲ. 2013ರ ಅಕ್ಟೋಬರ್‌ನಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಅದನ್ನ ದಾಖಲಿಸಬೇಕು ಅಂತಲೇ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಶಿಡ್ಲಘಟ್ಟ ರೀಲರ್

ವಕೀಲರೇ, ಉಕ್ರೇನ್ ಕಥೆ ಏನಾಯ್ತು? ಅಲ್ಲೂ ಹೊಸ ಪೊಲೀಸ್ ಬಂತು ಅಂತ ಓದಿದ ನೆನಪು.

ತುಮಕೂರಿನ ವಕೀಲೆ

ಬಂತು. 2014ರಲ್ಲಿ ಜನರ ದಂಗೆಗೆ ಅಧ್ಯಕ್ಷ ಯಾನುಕೋವಿಚ್ ಓಡಿಹೋದ ಮೇಲೆ ಜನರನ್ನ ಹೊಡೆದಿದ್ದ ಬೆರ್ಕುಟ್ ಪಡೆಯನ್ನ ರದ್ದು ಮಾಡಿದರು. 2015ರ ಜುಲೈ 4ರಂದು ಕೀವ್‌ನಲ್ಲಿ ಹೊಸ ಗಸ್ತು ಪೊಲೀಸರು ಪ್ರಮಾಣವಚನ ತಗೊಂಡರು. ಜನ ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು. ಜಾರ್ಜಿಯಾದಲ್ಲಿ ಕೆಲಸ ಮಾಡಿದ್ದ ಖಾತಿಯಾ ದೆಕನೊಯಿಡ್ಜೆ ಎಂಬ ಮಹಿಳೆಯನ್ನೇ ಕರೆಸಿ ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥೆ ಮಾಡಿದರು. ಹಳಬರನ್ನೆಲ್ಲ ಕೂರಿಸಿ ಮರುಪರೀಕ್ಷೆ ನಡೆಸಿದರು. ಅದರಲ್ಲಿ ಫೇಲಾಗಿ ಕೆಲಸ ಕಳಕೊಂಡವರಲ್ಲಿ ಬಹಳಷ್ಟು ಮಂದಿ ಕೋರ್ಟಿಗೆ ಹೋಗಿ ವಾಪಸ್ ಬಂದರು. ಯಾಕೆಂದರೆ ವಜಾ ಮಾಡಿದ ಕ್ರಮವೇ ಕಾನೂನಿನ ಮುಂದೆ ನಿಲ್ಲಲಿಲ್ಲ. ಆ ಮಹಿಳೆ ರಾಜಕೀಯ ಹಸ್ತಕ್ಷೇಪದ ಬಗ್ಗೆ ಹೇಳಿ, ತನಗೆ ಬೇಕಾದಷ್ಟು ಅಧಿಕಾರ ಇರಲಿಲ್ಲ ಅಂತ 2016ರ ನವೆಂಬರ್‌ನಲ್ಲಿ ಹುದ್ದೆ ಬಿಟ್ಟರು. ಗೃಹ ಸಚಿವ ಅವಾಕೊವ್ 2021ರವರೆಗೂ ಅದೇ ಕುರ್ಚಿಯಲ್ಲಿದ್ದರು.

ಚಿಂತಾಮಣಿ ಕ್ವಾರ್ಟರ್ಸ್‌ನಿಂದ

ನನ್ನ ಗಂಡ ಕಾನ್‌ಸ್ಟೇಬಲ್. ಯಾವ ಠಾಣೆ ಅಂತ ಕೇಳಬೇಡಿ.

ನೀವೆಲ್ಲ ದೇಶ ವಿದೇಶ ಬರೆದಿದ್ದೀರಿ, ಓದಿ ತಿಳಕೊಂಡೆ. ನನಗೆ ಗೊತ್ತಿರೋದು ಒಂದು ಮನೆ. ಗಣೇಶನ ಹಬ್ಬ, ಚುನಾವಣೆ, ಯಾರೋ ಮಂತ್ರಿ ಬರೋದು, ಎಲ್ಲಾದಕ್ಕೂ ಬಂದೋಬಸ್ತ್. ವಾರದ ರಜೆ ಕಾಗದದಲ್ಲಿದೆ. ಮಗಳ ಜ್ವರಕ್ಕೆ ಆಸ್ಪತ್ರೆಗೆ ಕರಕೊಂಡು ಹೋಗೋಳು ನಾನೇ. ನಿದ್ದೆ ಇಲ್ಲದೆ ಎರಡು ರಾತ್ರಿ ನಿಂತ ಮನುಷ್ಯನ ಕೈಲಿ ಲಾಠಿ ಇರುತ್ತೆ, ಎದುರಿಗೆ ಕಲ್ಲು ಹಿಡಿದ ಗುಂಪು ಇರುತ್ತೆ. ಅವನು ಆ ಹೊತ್ತಲ್ಲಿ ಸರಿಯಾಗಿ ಯೋಚಿಸಬೇಕು ಅಂತ ನಾವು ಕೇಳ್ತೀವಿ. ಕೇಳಲೇಬೇಕು, ಇಲ್ಲ ಅನ್ನಲ್ಲ. ಆದರೆ ಯೋಚಿಸೋಕೆ ಆಗೋ ಸ್ಥಿತೀಲಿ ಅವನನ್ನ ಇಡಬೇಕಲ್ಲ.

2016ರ ಜೂನ್ 4ಕ್ಕೆ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕ್ತಾರೆ ಅಂತ ಸುದ್ದಿ ಎದ್ದಿದ್ದು ನೆನಪಿದೆಯಾ? ಎಷ್ಟು ಹೆದರಿದ್ದೆವು. ಪೊಲೀಸರು ಸಂಘ ಕಟ್ಟೋ ಹಾಗಿಲ್ಲ, ಅದಕ್ಕೆ 1966ರ ಒಂದು ಕೇಂದ್ರ ಕಾಯ್ದೆ ಇದೆಯಂತೆ. ಆಮೇಲೆ ಔರಾದಕರ್ ಸಮಿತಿ ವರದಿ, ಸಂಬಳ ಸ್ವಲ್ಪ ಏರಿತು, ಅದಕ್ಕೂ ವರ್ಷಗಟ್ಟಲೆ ಕಾಯಬೇಕಾಯ್ತು. ಢಾಕಾದಲ್ಲಿ ಪೊಲೀಸರು ಕೆಲಸಕ್ಕೆ ಬರದೆ ಕೂತಾಗ ಅವರ ಬೇಡಿಕೆಗಳಲ್ಲಿ ನಮ್ಮನ್ನ ರಾಜಕಾರಣಿಗಳ ಕೈಗೊಂಬೆ ಮಾಡಬೇಡಿ ಅನ್ನೋದೂ ಇತ್ತು ಅಂತ ಓದಿದೆ. ನಮ್ಮ ಮನೆಯವರ ಬಾಯಲ್ಲೂ ಇದೇ ಮಾತು ಕೇಳಿದ್ದೀನಿ, ಬಾಗಿಲು ಹಾಕಿಕೊಂಡು.

ಸುಧಾರಣಾ ಆಯೋಗ ಅಂದರೆ ಅದರಲ್ಲಿ ಒಬ್ಬ ಪೇದೆಯೂ ಕೂರಬೇಕು.

ಮುಳಬಾಗಿಲು ಲಾರಿ

ಅಕ್ಕ, ನಿಮ್ಮ ಮಾತು ಒಪ್ಪಿದೆ. ನಿಮ್ಮ ಯಜಮಾನರ ಥರದೋರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಕೈಯಿಂದ ಕಿತ್ತುಕೊಂಡಾಗ ನಾನು ಯಾರ ಹತ್ರ ಹೇಳಲಿ? ಅದೇ ಠಾಣೆಗೆ ಹೋಗಿ ಅವರ ಮೇಲೇ ದೂರು ಬರೆಸಲಾ?

ತುಮಕೂರಿನ ವಕೀಲೆ

ಈ ಪ್ರಶ್ನೆಗೆ ಒಳ್ಳೇ ಉತ್ತರ ಕಂಡುಕೊಂಡಿದ್ದು ಉತ್ತರ ಐರ್ಲೆಂಡ್. ಅಲ್ಲಿ ಕ್ರಾಂತಿ ಆಗಲಿಲ್ಲ, ಶಾಂತಿ ಒಪ್ಪಂದ ಆಯ್ತು. 1999ರಲ್ಲಿ ಪ್ಯಾಟನ್ ಆಯೋಗ 175 ಶಿಫಾರಸು ಕೊಟ್ಟಿತು, 2001ರ ನವೆಂಬರ್‌ನಲ್ಲಿ ಹಳೇ ಪಡೆ ಹೋಗಿ ಹೊಸ ಹೆಸರಿನ ಪೊಲೀಸ್ ಸೇವೆ ಬಂತು. ಪಡೆಯಲ್ಲಿ ಕ್ಯಾಥೊಲಿಕರು ಬಹಳ ಕಡಿಮೆ ಇದ್ದರು, ಅದಕ್ಕೆ ಹತ್ತು ವರ್ಷ ನೇಮಕಾತಿಯಲ್ಲಿ ಅರ್ಧ ಅವರಿಗೆ. ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸೋದು 2000ದಲ್ಲೇ ಶುರುವಾದ ಪೊಲೀಸ್ ಓಂಬುಡ್ಸ್‌ಮನ್ ಕಚೇರಿ. ಅದಕ್ಕೆ ಸ್ವಂತ ತನಿಖಾಧಿಕಾರಿಗಳಿದ್ದಾರೆ. ಪೊಲೀಸರ ಮೇಲಿನ ದೂರನ್ನ ಪೊಲೀಸರ ಕೈಗೇ ವಾಪಸ್ ಕೊಡೋದಿಲ್ಲ.

ನಮ್ಮಲ್ಲೂ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಇದೆ, ಜಿಲ್ಲಾ ಮಟ್ಟದ್ದೂ ಕಾನೂನಿನಲ್ಲಿದೆ. ಅಣ್ಣ, ನೀವು ಅಲ್ಲಿಗೆ ದೂರು ಕೊಡಬಹುದು. ಅದು ನಿಮಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ ಅನ್ನೋದೇ ನನಗೆ ಬೇಜಾರು. ಪ್ರತಿ ಠಾಣೆಯ ಗೋಡೆ ಮೇಲೆ ಅದರ ವಿಳಾಸ ಬರೆಸಬೇಕು. ಇನ್ನೊಂದು: ಎಲ್ಲ ಠಾಣೆಗಳ ಒಳಗೆ, ಲಾಕಪ್‌ನಲ್ಲೂ, ಸಿಸಿಟಿವಿ ಇರಬೇಕು, ಕನಿಷ್ಠ ಒಂದು ವರ್ಷದ ದೃಶ್ಯ ಉಳಿಸಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಕ್ಷಿದಾರರಿಗೆ ಪೆಟ್ಟು ಬಿದ್ದ ಪ್ರಕರಣಗಳಲ್ಲಿ ದೃಶ್ಯ ಕೇಳಿದಾಗ ಕ್ಯಾಮೆರಾ ಕೆಟ್ಟಿತ್ತು ಅನ್ನೋ ಉತ್ತರವನ್ನ ನಾನೇ ಕೈಯಾರೆ ತಗೊಂಡಿದ್ದೀನಿ.

ಶಿಡ್ಲಘಟ್ಟ ರೀಲರ್

ಹೊಸಬರನ್ನ ತಗೊಂಡರೆ ಎಲ್ಲ ಸರಿಹೋಗುತ್ತೆ ಅನ್ನೋರು ನಮ್ಮ ಪಿಎಸ್‌ಐ ನೇಮಕಾತಿಯನ್ನ ನೆನಪಿಸಿಕೊಳ್ಳಲಿ. 545 ಹುದ್ದೆ, 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಆಮೇಲೆ ಓಎಂಆರ್ ಶೀಟ್ ತಿದ್ದಿದ ಹಗರಣ. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನ. 2024ರ ಜನವರಿಯಲ್ಲಿ ಮರುಪರೀಕ್ಷೆ. ಪ್ರಾಮಾಣಿಕವಾಗಿ ಓದಿದ್ದ ಹಳ್ಳಿ ಹುಡುಗರ ಎರಡು ವರ್ಷ ಹಾಳಾಯ್ತು, ನಮ್ಮ ಬೀದೀಲೇ ಒಬ್ಬ ಇದ್ದಾನೆ. ಬಾಂಗ್ಲಾದಲ್ಲಿ ಸಾವಿರಾರು ಹೊಸಬರನ್ನ ತಗೊಳ್ಳೋದಾದರೆ ಮೊದಲು ಪರೀಕ್ಷೆ ನಡೆಸೋರು ಯಾರು ಅಂತ ನೋಡಲಿ.

ಮಂಚೇನಹಳ್ಳಿ ಮೇಷ್ಟ್ರು

ಎಲ್ಲರ ಮಾತು ಓದಿದೆ. ಬಾಂಗ್ಲಾದಲ್ಲಿ 2025ರ ನವೆಂಬರ್ ತನಕ ಆದದ್ದನ್ನ ಇವುಗಳ ಪಕ್ಕದಲ್ಲಿಟ್ಟು ನೋಡೋಣ. 2024ರ ಅಕ್ಟೋಬರ್‌ನಲ್ಲಿ ಸಫರ್ ರಾಜ್ ಹುಸೇನ್ ನೇತೃತ್ವದಲ್ಲಿ ಪೊಲೀಸ್ ಸುಧಾರಣಾ ಆಯೋಗ ಕೂತಿತು, 2025ರ ಜನವರಿಯಲ್ಲಿ ಆಗ ಮಧ್ಯಂತರ ಸರ್ಕಾರದ ಮುಖ್ಯಸ್ಥರಾಗಿದ್ದ ಯೂನುಸ್ ಅವರ ಕೈಗೆ ವರದಿ ಕೊಟ್ಟಿತು. ವಿಚಾರಣೆ ಕೋಣೆಗೆ ಗಾಜಿನ ಗೋಡೆ ಇರಲಿ, ಗುಂಪು ಚದುರಿಸೋಕೆ ಬಲ ಬಳಸುವಾಗ ಹಂತ ಹಂತವಾಗಿ ಹೋಗಲಿ ಅಂತೆಲ್ಲ ಅದರಲ್ಲಿದೆ. ಸ್ವತಂತ್ರ ಪೊಲೀಸ್ ಆಯೋಗ ಬೇಕು ಅನ್ನೋದನ್ನ ತಾತ್ವಿಕವಾಗಿ ಒಪ್ಪಿ, ಅದರ ರೂಪ ಹೇಗಿರಬೇಕು ಅನ್ನೋದನ್ನ ಮುಂದಿನ ಪರಿಶೀಲನೆಗೆ ಬಿಟ್ಟಿತು. ಸಮವಸ್ತ್ರದ ಬಣ್ಣ ಮಾತ್ರ 2025ರ ನವೆಂಬರ್ ಹೊತ್ತಿಗೆ ಬದಲಾಯ್ತು, ಕಬ್ಬಿಣದ ಬಣ್ಣದ ಅಂಗಿ ಬಂತು. ಕಷ್ಟದ್ದನ್ನ ಮುಂದಕ್ಕೆ ಹಾಕಿ ಸುಲಭದ್ದನ್ನ ಮೊದಲು ಮಾಡೋದು ನೋಡಿದರೆ ನನಗೆ ಈಜಿಪ್ಟ್ ನೆನಪಾಗುತ್ತೆ. 2011ರಲ್ಲಿ ಅಲ್ಲಿನ ಜನ ದಂಗೆಗೆ ಆರಿಸಿಕೊಂಡ ದಿನವೇ ಜನವರಿ 25, ಪೊಲೀಸ್ ದಿನಾಚರಣೆ. ಮಾರ್ಚ್‌ನಲ್ಲಿ ರಾಜ್ಯ ಭದ್ರತಾ ತನಿಖಾ ದಳವನ್ನ ರದ್ದು ಮಾಡಿ ರಾಷ್ಟ್ರೀಯ ಭದ್ರತಾ ದಳ ಅಂತ ತಂದರು. ಹೆಸರು ಬದಲಾಯ್ತು, ಒಳಗಿದ್ದವರಲ್ಲಿ ಬಹುಪಾಲು ಅವರೇ, ಪದ್ಧತಿಯೂ ಅದೇ.

ಎಎಸ್‌ಐ ಸರ್, ನಿಮ್ಮನ್ನೇ ಕೇಳ್ತೀನಿ. ನಾಳೆ ಢಾಕಾದಿಂದ ನಿಮ್ಮನ್ನ ಕರೆದು, ಒಂದೇ ಒಂದು ಕೆಲಸ ಮೊದಲು ಮಾಡಿಸಿ ಅಂದರೆ ಯಾವುದನ್ನ ಹೇಳ್ತೀರಿ?

ನಿವೃತ್ತ ಎಎಸ್‌ಐ, ಕೆಜಿಎಫ್

ಮೇಷ್ಟ್ರೇ, ಗುಂಡು ಹಾರಿಸೋ ಆದೇಶಕ್ಕೆ ಒಂದು ಪುಸ್ತಕ ಇಡಿಸ್ತೀನಿ. ಪ್ರತಿ ಠಾಣೇಲಿ, ಪುಟಕ್ಕೆ ಸಂಖ್ಯೆ ಹಾಕಿ, ಮ್ಯಾಜಿಸ್ಟ್ರೇಟರ ಸಹಿ ಹಾಕಿಸಿ. ಮೇಲಿನಿಂದ ಬಾಯಿಮಾತಿನ ಆದೇಶ ಬಂದರೆ ಯಾರು, ಎಷ್ಟು ಗಂಟೆಗೆ, ಏನು ಹೇಳಿದರು ಅಂತ ತಗೊಂಡವನು ಆಗಲೇ ಅದರಲ್ಲಿ ಬರೀಬೇಕು. ರಸ್ತೇಲಿದ್ದರೆ ವೈರ್‌ಲೆಸ್‌ನಲ್ಲಿ ಕಂಟ್ರೋಲ್ ರೂಮಿಗೆ ಹೇಳಿ ಬರೆಸಬೇಕು, ವೈರ್‌ಲೆಸ್ ಮಾತೆಲ್ಲ ರೆಕಾರ್ಡ್ ಆಗಲಿ. ಇಪ್ಪತ್ನಾಲ್ಕು ಗಂಟೇಲಿ ಅದರ ಪ್ರತಿ ಜಿಲ್ಲಾ ನ್ಯಾಯಾಧೀಶರಿಗೆ ಹೋಗಬೇಕು, ಎಸ್‌ಪಿ ಮೂಲಕ ಬೇಡ, ನೇರ. ಬರೆದ ರೈಟರನ್ನ ಆ ಕಾರಣಕ್ಕೆ ವರ್ಗ ಮಾಡಿದರೆ ವಕೀಲರು ಹೇಳಿದ ಆ ಓಂಬುಡ್ಸ್‌ಮನ್ ಥರದ ಕಚೇರಿಯೇ ವಿಚಾರಿಸಬೇಕು. ಬರೆಯದೆ ಬಿಟ್ಟವನಿಗೆ ಅದೇ ಅಪರಾಧ.

ಇದಾದ ಮೇಲೆ ಸಂಬಳ, ರಜೆ, ಗಾಜಿನ ಕೋಣೆ ಎಲ್ಲಾನೂ ಬರಲಿ. ಚಿಂತಾಮಣಿಯ ತಾಯಿ ಹೇಳಿದ್ದೂ ಬರಲಿ, ಆಯೋಗದಲ್ಲಿ ಪೇದೆ ಕೂರಲಿ. ಆದರೆ ಮೊದಲು ಆ ಪುಸ್ತಕ.

ನಿಮ್ಮ ಮಕ್ಕಳಿಗೆ ವೀರಸೌಧದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳೋಕೆ ಹೇಳಿ. ಗುಂಡು ಹೊಡೆದೋರನ್ನ ಏನು ಮಾಡಿದರು ಅಂತ ಕೇಳ್ತಾರಲ್ಲ, ಹೊಡೀರಿ ಅಂದವರ ಮಾತು ಯಾವ ಕಾಗದದಲ್ಲಿ ಬರೆದಿತ್ತು ಅಂತಲೂ ಕೇಳಲಿ. ಮುಂದಿನ ಸಲ ಹೋಗುವಾಗ ತಿಳಿಸಿ, ನಾನೂ ಕೆಜಿಎಫ್‌ನಿಂದ ಬಸ್ ಹತ್ತಿ ಬರ್ತೀನಿ. ಠಾಣೆಯೊಳಗೆ ದಿನಚರಿ ಹೇಗೆ ಬರೀತಾರೆ ಅಂತ ಅವರಿಗೆ ಹೇಳಿಕೊಡೋಕೆ ನನಗೆ ಆಸೆ ಇದೆ.